ಒತ್ತು ಬಿಡದ ಅಕ್ಕ

ನಮ್ಮಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ಆ ಕೋಪ ಅಲ್ಲಿಗೆ ಬಂದದ್ದು ಹೇಗೆ ಎಂದು ಒಬ್ಬರಾದರೂ ಕೇಳಿದ್ದಾರೆಯೇ? ಕೇಳಿಲ್ಲ. ಅದಕ್ಕೇ ನಾನು ಹೇಳಹೊರಟಿದ್ದೇನೆ. ನಾನೇನೂ ಶಾಂತಮೂರ್ತಿಯಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಅಕ್ಕ ಮರದಲ್ಲಿ ಹೆಸರು ಕತ್ತರಿಸುತ್ತಾಳೆ. ಬಾಗಿಲಿಗೆ, ಗೋಡೆಗೆ, ತೊಟ್ಟಿಲಿಗೆ ತೂಗುಹಾಕುವ ಹೆಸರುಗಳು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಇರುವ ಒಂದೇ ಕಿಟಕಿಯ ಪಕ್ಕದಲ್ಲಿ ಅಪ್ಪನ ಕಾಲದ ಗರಗಸದ ಮಿಷನ್ ಇದೆ. ಅದರ ಬ್ಲೇಡು ದಾರದಷ್ಟು ಸಣ್ಣ. ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ನಿಂತಲ್ಲೇ ಮೇಲೆ ಕೆಳಗೆ ಓಡುತ್ತದೆ, ತಿರುಗಬೇಕಾದ್ದು ಮರ. ಅಪ್ಪನ ಕೈ ನಡುಗತೊಡಗಿದಾಗ ಅಕ್ಕ ಹೋಗಿ ಆ ಸ್ಟೂಲಿನ ಮೇಲೆ ಕೂತಳು. ಆಮೇಲೆ ಅಪ್ಪ ಹೋದರು, ಅಕ್ಕ ಏಳಲಿಲ್ಲ. ನಾನು ಅವಳು ಕತ್ತರಿಸಿದ್ದಕ್ಕೆ ಉಪ್ಪುಕಾಗದ ಉಜ್ಜಿ, ದಾರ ಕಟ್ಟುತ್ತೇನೆ. ನಮ್ಮಿಬ್ಬರ ನಡುವೆ ಹುಟ್ಟಿದ ಅಣ್ಣ ಮುಂದುಗಡೆ ಕುರ್ಚಿ ಹಾಕಿಕೊಂಡು ಆರ್ಡರು ಹಿಡಿಯುತ್ತಾನೆ. ಗಿರಾಕಿಗಳ ಮುಂದೆ ‘ನನ್ನ ಕೈಕೆಲಸ’ ಎನ್ನುತ್ತಾನೆ. ಅವನ ಕೈ ಎಷ್ಟು ನುಣುಪಾಗಿದೆ ಎಂದರೆ ನೋಡಿದರೇ ನನಗೆ ಮೈ ಉರಿಯುತ್ತದೆ.

ಅಪ್ಪ ಒಂದೊಂದೇ ಹಲಗೆ ಕತ್ತರಿಸುತ್ತಿದ್ದರು. ತೆಳು ಪ್ಲೈವುಡ್ಡನ್ನು ಒಂದರ ಮೇಲೊಂದು ನಾಲ್ಕು ಜೋಡಿಸಿ, ಸುತ್ತ ಬಿಗಿಯಾಗಿ ಟೇಪು ಸುತ್ತಿ, ಮೇಲೆ ಅಕ್ಷರ ಬರೆದ ಚಿತ್ರದ ಕಾಗದ ಅಂಟಿಸಿ ಒಂದೇ ಸಲಕ್ಕೆ ನಾಲ್ಕು ಹೆಸರು ತೆಗೆಯುವುದು ಅಕ್ಕ ತಾನೇ ಕಂಡುಕೊಂಡ ದಾರಿ. ಐದನೆಯದು ಇಟ್ಟರೆ ಬ್ಲೇಡು ಒಳಗೊಳಗೇ ವಾಲುತ್ತದೆ, ಮೇಲಿನ ಅಕ್ಷರ ಸರಿಯಾಗಿದ್ದು ಕೆಳಗಿನದು ಊದಿಕೊಂಡಿರುತ್ತದೆ.

ಇನ್ನು ಒತ್ತಕ್ಷರದ ಪೀಕಲಾಟ. ಕಾಗದದ ಮೇಲೆ ಒತ್ತು ಕೆಳಗೆ ಬೇರೆಯಾಗಿ ನಿಂತರೂ ನಡೆಯುತ್ತದೆ. ಮರದಲ್ಲಿ ಬೇರೆ ನಿಂತರೆ ಪುಡಿಯ ಜೊತೆ ನೆಲಕ್ಕೆ ಬೀಳುತ್ತದೆ. ಮನೆಯಲ್ಲಿ ಬಾಯಿ ತುಂಬ ಕರೆಯುವವರಿಗೆಲ್ಲ ಒತ್ತು: ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜಿ. ಅಕ್ಕ ಅಕ್ಷರಗಳನ್ನು ಭುಜಕ್ಕೆ ಭುಜ ತಾಗಿಸಿ ಬರೆಯುತ್ತಾಳೆ, ಒತ್ತಿನ ಕತ್ತನ್ನು ಮೇಲಿನ ಅಕ್ಷರದ ಹೊಟ್ಟೆಗೆ ಸೇರಿಸುತ್ತಾಳೆ. ಆ ಕತ್ತು ತೀರಾ ದಪ್ಪವಾದರೆ ಅಸಹ್ಯ, ತೀರಾ ಸಣ್ಣಗಾದರೆ ದಾರ ಕಟ್ಟುವಾಗಲೇ ಲಟಕ್ಕೆನ್ನುತ್ತದೆ. “ತಂಗಿಗೆ ಮಾತ್ರ ಒತ್ತಿಲ್ಲ ನೋಡು, ಬರೀ ಸೊನ್ನೆ. ನಿನ್ನ ಪಾಲಿಗೆ ಸೊನ್ನೆ ಕಣೇ,” ಎಂದು ಅವಳು ನನ್ನನ್ನು ರೇಗಿಸುವುದುಂಟು.

ಹೀಗಿರುವಾಗ ಅಣ್ಣ ಒಂದು ಬೆಳಿಗ್ಗೆ ಅತ್ತಿಗೆಯ ತಮ್ಮನನ್ನು ಕರೆದುಕೊಂಡು ಹಿಂದಿನ ಕೋಣೆಗೆ ಬಂದ. ಯಾವ ಕೆಲಸದಲ್ಲೂ ನಿಲ್ಲದ ಮನುಷ್ಯ, ಮಾತೆತ್ತಿದರೆ “ಸರಸರ ಮುಗ್ಸೋಣ” ಎನ್ನುವವನು. ಅವನಿಗೆ ನಾನಿಟ್ಟ ಹೆಸರು ಸರಸರ.

“ನಾಳೆಯಿಂದ ಮಿಷನ್ ಮೇಲೆ ಇವನು ಕೂರ್ತಾನೆ. ನೀನು ದಾರ ಕಟ್ಟು,” ಎಂದ ಅಣ್ಣ.

ಅಕ್ಕ ಸ್ವಿಚ್ಚು ಆರಿಸಿದಳು. “ಯಾಕೆ?”

“ಅವನಿಗೆ ಹೆಂಡ್ತಿ ಮಕ್ಕಳು ಇದಾರೆ. ಒಂದು ಕಸುಬು ಅಂತ ಬೇಕಲ್ವಾ? ನಿಂಗೇನು, ಒಂಟಿ ಜೀವ. ಕೂತ್ಕೊಂಡು ಊಟ ಮಾಡು.”

“ನಾನು ಮಾಡ್ತಿರೋದು ಏನು, ಕಸುಬಲ್ವಾ?”

“ಮಿಷನ್ನೇನು ನಿಂದಾ? ಅಪ್ಪಂದು. ಅಂದ್ರೆ ಅಂಗಡಿದು,” ಎಂದು ಅಣ್ಣ ಹೊರಟೇಹೋದ. ಅಂಗಡಿಯದು ಎಂದರೆ ತನ್ನದು. ಬಾಯಿಬಿಟ್ಟು ಹಾಗೆ ಹೇಳುವ ಧೈರ್ಯವೂ ಅವನಿಗಿರಲಿಲ್ಲ. ಮರುದಿನ ಅಕ್ಕ ಆ ಸ್ಟೂಲು ಬಿಟ್ಟು ನನ್ನ ಪಕ್ಕ ನೆಲದ ಮೇಲೆ ಕೂತಾಗ ನನಗೆ ಕೈಯಲ್ಲಿದ್ದ ಉಪ್ಪುಕಾಗದದಿಂದ ಅಣ್ಣನ ಮುಖವನ್ನೇ ಉಜ್ಜಬೇಕು ಅನ್ನಿಸಿತು. ಅವಳು ದಾರದ ಗಂಟನ್ನು ಹಲ್ಲಿನಿಂದ ಕಡಿದು ಕಡಿದು ಬಿಗಿಯುತ್ತಿದ್ದಳು.

ಅದೇ ವಾರ ಒಬ್ಬ ಅಜ್ಜಿಯ ಆರ್ಡರು ಬಂತು. ಆಕೆಗೆ ನಾಲ್ಕು ಮಕ್ಕಳು, ನಾಲ್ಕು ಮನೆ. ಒಂದೊಂದು ಮನೆಗೂ ಅಜ್ಜಿ, ಅಪ್ಪ, ಅಮ್ಮ, ಅಕ್ಕ, ಅಣ್ಣ ಎಂದು ಒಂದೊಂದು ಜೊತೆ ಬೇಕು. ಅಕ್ಕನಿಗೆ ಹೇಳಿ ಮಾಡಿಸಿದಂಥ ಕೆಲಸ. ಕೂತವನು ಸರಸರ. ನಾಲ್ಕು ಹಲಗೆ ಸಾಲದು ಎಂದು ಎಂಟು ಪೇರಿಸಿದ, ಉಳಿದದ್ದನ್ನು ಅಂಗಡಿಯಲ್ಲಿ ತೂಗುಹಾಕಿ ಮಾರಬಹುದಂತೆ. ಒತ್ತುಗಳು ಪಟಪಟ ಉದುರಿದವು. ಮೊದಲು ಅಂಟು ಹಾಕಿ ನೋಡಿದ. ಆಮೇಲೆ ಏನು ಮಾಡಿದ ಗೊತ್ತೇ? ಚಿತ್ರದಿಂದ ಒತ್ತನ್ನೇ ಅಳಿಸಿಬಿಟ್ಟ.

“ಇಷ್ಟು ಚಿಕ್ಕದನ್ನ ಯಾರು ನೋಡ್ತಾರೆ ಬಿಡಿ. ಒತ್ತಿಲ್ದಿದ್ರೂ ನೋಡಿದ ತಕ್ಷಣ ಏನು ಅಂತ ಗೊತ್ತಾಗುತ್ತೆ,” ಎಂದು ನನ್ನ ಮುಂದೆ ಹಲ್ಲು ಕಿರಿದ.

ಅಣ್ಣ ಬಿಚ್ಚಿ ನೋಡದೆ ಪೊಟ್ಟಣ ಕಟ್ಟಿ ಕಳಿಸಿದ. ಮರುದಿನ ಬೆಳಿಗ್ಗೆ ಅಜ್ಜಿಯೇ ಪೊಟ್ಟಣದ ಸಮೇತ ಅಂಗಡಿಗೆ ಬಂದಳು. ಅದನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೇ ಎತ್ತಿ ಜೋರಾಗಿ ಓದಿದಳು.

“ಅಜಿ. ಅಪ. ಅಮ. ಅಕ. ಏನಪ್ಪ ಇದು, ನಿಮ್ಮ ಅಂಗಡೀಲಿ ಯಾರಿಗೂ ಹಲ್ಲು ಬಂದಿಲ್ವಾ? ನನ್ನ ಮೊಮ್ಮಗು ಇದಕ್ಕಿಂತ ಚೆನ್ನಾಗಿ ಮಾತಾಡುತ್ತೆ! ಸಂಜೆ ಬಸ್ಸಿಗೆ ಹೊರಟಿದ್ದೀನಿ. ಅಷ್ಟರೊಳಗೆ ಸರಿಯಾದ್ದು ಕೊಡ್ತೀಯೋ, ಇದನ್ನೆಲ್ಲ ನಿಮ್ಮ ಬಾಗಿಲಿಗೇ ತೂಗುಹಾಕಿ ಹೋಗಲೋ?”

ಅಣ್ಣನಿಗೆ ಬೆವರು ಕಿತ್ತುಕೊಂಡು ಬಂತು. ಹಿಂದಿನ ಕೋಣೆಗೆ ಓಡಿ ಬಂದವನ ದನಿಯಲ್ಲಿ ಜೇನು. “ಅಕ್ಕಾ, ಅಕ್ಕಾ, ಇದೊಂದು ಸಲ ನೀನು...”

“ಓಹೋ, ನಿನ್ನ ಬಾಯಲ್ಲಿ ಒತ್ತು ಚೆನ್ನಾಗಿ ಬರುತ್ತಲ್ಲೋ!” ಎಂದಳು ಅಕ್ಕ. ಎದ್ದು ಸೆರಗು ಸಿಕ್ಕಿಸಿ ಸ್ಟೂಲಿನ ಮೇಲೆ ಕೂತಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಇಷ್ಟಾದ ಮೇಲೂ ಕರೆದ ಕೂಡಲೇ ಹೋಗಿ ಕೂರುವುದೇ?

ನಾಲ್ಕು ನಾಲ್ಕು ಹಲಗೆಯ ಐದು ಕಟ್ಟು ಮಾಡಿ ಹೊಸ ಚಿತ್ರ ಅಂಟಿಸಿದಳು, ಸಣ್ಣ ಸಣ್ಣ ತೂತು ಕೊರೆದಳು. ಒಂದೊಂದು ತೂತಿಗೂ ಬ್ಲೇಡು ಬಿಚ್ಚಿ, ತೂರಿಸಿ, ಬಿಗಿದು ಅಕ್ಷರಗಳ ಒಳಗಿನ ಬಯಲೆಲ್ಲ ತೆಗೆದಳು. ಒಳಗಿನದು ಮುಗಿಯುವ ತನಕ ಹೊರಗೆರೆ ಮುಟ್ಟುವ ಹಾಗಿಲ್ಲ. ಹೊರಗೆರೆ ಕತ್ತರಿಸಿದರೆ ಹಿಡಿಯಲು ಜಾಗವಿರುವುದಿಲ್ಲ. ಮಧ್ಯಾಹ್ನ ದಾಟುವ ಹೊತ್ತಿಗೆ ಐದೂ ಕಟ್ಟುಗಳ ಒಳಗೆಲಸ ಆಯಿತು. ಅಜ್ಜಿಯೂ ಅಪ್ಪ, ಅಮ್ಮಂದಿರೂ ಹಲಗೆಯೊಳಗೇ ಸಿಕ್ಕಿಕೊಂಡಿದ್ದರು. ಆಗ ಅಕ್ಕ ಸ್ವಿಚ್ಚು ಆರಿಸಿ ಕೈಕಟ್ಟಿದಳು.

“ಏನಾಯ್ತು?” ಎಂದ ಅಣ್ಣ.

“ಹೊರಗಿನ ಗೆರೆ ಬಾಕಿ. ಮಿಷನ್ ಯಾರದ್ದು ಅಂತ ಹೇಳು, ಕತ್ತರಿಸ್ತೀನಿ.”

“ಈಗ ಅದೆಲ್ಲ ಯಾಕೆ? ಆಮೇಲೆ ಕೂತು ಮಾತಾಡೋಣ.”

“ಆಮೇಲೆ ನಿನ್ನ ಬಾಯಿಗೆ ಬೀಗ ಬಿದ್ದಿರುತ್ತೆ. ಈಗ ಹೇಳು. ಇಲ್ದಿದ್ರೆ ಅವನನ್ನ ಕೂರಿಸು, ಸರಸರ ಮುಗಿಸ್ತಾನೆ.”

ಸರಸರ ಒಂದು ಹೆಜ್ಜೆ ಹಿಂದೆ ಸರಿದ. ಅಣ್ಣ ನನ್ನತ್ತ ನೋಡಿದ. ನಾನು ಮುಖ ತಿರುಗಿಸಿದೆ. ಕೊನೆಗೆ ಗಲಾಟೆ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯತ್ತ ನೋಡಿದ.

“ನನ್ನ ಮುಖ ಏನು ನೋಡ್ತೀರಿ?” ಎಂದರು ಅತ್ತಿಗೆ. “ನನ್ನ ತಮ್ಮನ್ನ ಅಲ್ಲಿ ಕೂರಿಸಿ ಅಂತ ನಾನು ಕೇಳಿದ್ನಾ? ಅವನು ಎಲ್ಲೂ ನಿಲ್ಲಲ್ಲ ಅಂತ ನಂಗೆ ಗೊತ್ತಿಲ್ವಾ? ಹೇಳ್ರೀ, ಹೇಳಿ.”

ಮುಂದುಗಡೆ ಅಜ್ಜಿ ಮೇಜು ತಟ್ಟುತ್ತಿದ್ದಳು. ಅಣ್ಣ ನೆಲ ನೋಡುತ್ತ, “ಮಿಷನ್ ನಿಂದೇ,” ಎಂದ.

“ಕೇಳಿಸ್ಲಿಲ್ಲ.”

“ಮಿಷನ್ ನಿಂದೇ ಅಕ್ಕ!”

ಅವಳು ನಗುತ್ತಾಳೆ, ಅಥವಾ ಅಳುತ್ತಾಳೆ ಎಂದು ನಾನು ಕಾದೆ. ಅವಳ ಮುಖದ ಸಿಟ್ಟು ಒಂದು ಕೂದಲಷ್ಟೂ ಇಳಿಯಲಿಲ್ಲ. ಸವೆದ ಬ್ಲೇಡನ್ನು ಕಿತ್ತೆಸೆದು ಹೊಸದನ್ನು ಬಿಗಿದಳು. ಕಿಟಕಿಯ ಮುಂದೆ ಕಂಬದ ಹಾಗೆ ನಿಂತಿದ್ದ ಅಣ್ಣನನ್ನು ತಲೆಯೆತ್ತಿ ನೋಡಿದಳು.

“ಬೆಳಕಿಗೆ ಅಡ್ಡ ನಿಂತಿದ್ದೀಯ,” ಎಂದಳು. “ಆಚೆ ಸರಿ.”