ಬೀಗರು ನೋಡಿ ಹೋಗೋವರೆಗೂ ಡಿಸ್ಚಾರ್ಜ್ ಇಲ್ಲ

“ಸಿಸ್ಟರ್, ಒಂದು ಗ್ಲೂಕೋಸ್ ಬಾಟ್ಲಿ ನೇತಾಕ್ಬುಡಿ. ಚುಚ್ಚದೇನೂ ಬ್ಯಾಡ. ಸುಮ್ನೆ ಪಕ್ಕದಲ್ಲಿ ತೂಗಾಡ್ತಿರ್ಲಿ.”

ಹೀಗೆ ಕೇಳಿದ್ದು ನಮ್ಮ ದೊಡ್ಡಪ್ಪ. ಹೋದ ಬುಧವಾರ, ನಂಜನಗೂಡಿನ ಒಂದು ಆಸ್ಪತ್ರೆಯಲ್ಲಿ, ಇಡೀ ವಾರ್ಡಿಗೆ ಕೇಳೋ ಹಾಗೆ. ಸಿಸ್ಟರ್ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

ಇರಿ, ಮೊದಲಿಂದ ಹೇಳ್ತೀನಿ.

ನಮ್ಮ ಸೋದರತ್ತೆ ಮಾದೇವಮ್ಮನಿಗೆ ಜ್ವರ, ಕಫ ಜೋರಾಗಿ ಆಸ್ಪತ್ರೆ ಸೇರಿಸಿದ್ದೆವು. ಅವರ ಊರು ಬಿಳಿಗೆರೆ ಪಕ್ಕದ ಹಳ್ಳಿ. ನೋಡಿಕೊಳ್ಳೋಕೆ ಟಿ. ನರಸೀಪುರದಿಂದ ನಾನು ಬಂದೆ. (ಅಂಕಣ ಬರೆಯೋಳಿಗೆ ವರ್ಷವೆಲ್ಲ ರಜೆ ಅಂತ ನಮ್ಮ ವಂಶದವರ ನಂಬಿಕೆ.) ಸೋಮವಾರ ಬೆಳಿಗ್ಗೆ ಡಾಕ್ಟರು ಪರೀಕ್ಷೆ ಮಾಡಿ, “ಆರಾಮಾಗಿದ್ದೀರಿ, ಮನೆಗೆ ಹೋಗಿ” ಅಂದರು. ಅತ್ತೆ ಆಗಲೇ ಎದ್ದು ತಲೆ ಬಾಚಿ, ತುರುಬು ಕಟ್ಟಿ ಕೂತಿದ್ದರು.

ಯಾಕಪ್ಪ ಇಷ್ಟು ಅವಸರ ಅಂದರೆ, ಕೆಂಪಿ. ಅತ್ತೆಯ ಹಸು. ಕರುವಾಗಿದ್ದಾಗಲೇ ತಾಯಿ ಸತ್ತು, ಅತ್ತೆ ಕೈಯಾರೆ ಹಾಲು ಕುಡಿಸಿ ಸಾಕಿದ್ದು. ಈಗ ಅದಕ್ಕೆ ಚೊಚ್ಚಲು. ಇವತ್ತೋ ನಾಳೆಯೋ ಈಯೋ ಹಾಗಿದೆ.

“ನಾನಿಲ್ದಾಗ ಈದ್ರೆ ಎದರ್ಕತದೆ ಕಣವ್ವ. ಬಿರ್ನೆ ಕರ್ಕಂಡೋಗು” ಅಂದರು ಅತ್ತೆ.

ಆಟೋ ಹುಡುಕೋಕೆ ಹೊರಟೆ. ದೊಡ್ಡಪ್ಪನ ಫೋನು ಬಂತು. “ಇವತ್ತು ಅಮಾಸೆ! ಅಮಾಸೆ ದಿನ ಕಾಯ್ಲೆಯವ್ರನ್ನ ಮನೆಗ್ ಕರ್ಕಬತ್ತಾರಾ? ಓದ್ದೋಳು ನೀನು, ಅಷ್ಟೂ ಗೊತ್ತಾಗಕಿಲ್ವಾ?”

ಸರಿ, ಮಂಗಳವಾರ ಹೊರಡೋಣ ಅಂದೆ. “ಮಂಗಳವಾರ ಎಣ್ಮಕ್ಕಳನ್ನ ಕಳಿಸ್ತಾರೇನವ್ವ?” ಕಳಿಸಲ್ಲ, ನಿಜ. ಆದರೆ ಅದು ತವರುಮನೆಯಿಂದ ಅಲ್ಲವಾ? ಆಸ್ಪತ್ರೆ ಯಾವತ್ತು ತವರುಮನೆ ಆಯ್ತು? ಡಾಕ್ಟರು ಮಡಿಲು ತುಂಬಿ, ಅರಿಶಿನ ಕುಂಕುಮ ಕೊಟ್ಟು ಬಸ್ ಸ್ಟ್ಯಾಂಡ್ ತನಕ ಬಂದು ಕಣ್ಣೊರೆಸಿಕೊಳ್ಳಬೇಕಿತ್ತಾ?

ಬುಧವಾರ ದೊಡ್ಡಪ್ಪನೇ ಹಾಜರ್. ತಲಕಾಡಿನ ಬೀಗರು, ಅಂದರೆ ಅತ್ತೆ ಮಗಳನ್ನು ಕೊಟ್ಟ ಮನೆಯವರು, ನೋಡೋಕೆ ಬರ್ತಾರಂತೆ. ಮನೆಗೇ ಬರಲಿ ಅಂದೆ. ದೊಡ್ಡಪ್ಪ ಹಣೆ ಚಚ್ಚಿಕೊಂಡರು.

ನಿಮಗೆ ಗೊತ್ತಲ್ಲ, ನಮ್ಮ ಕಡೆ ಆಸ್ಪತ್ರೆಯಲ್ಲಿ ನೋಡಿದರೆ ಮಾತ್ರ ನೋಡಿದ ಲೆಕ್ಕ. ಮನೆಗೆ ಬಂದರೆ ಅದು ನೆಂಟಸ್ತನ. ಒಬ್ಬಟ್ಟು ಬೇಯಿಸಬೇಕು. ಆಸ್ಪತ್ರೆಗೆ ಬಂದರೆ ಬ್ರೆಡ್ಡು, ಮೂಸಂಬಿ ಅವರೇ ತರಬೇಕು. ಅವರು ಬರೋ ಮೊದಲೇ ಡಿಸ್ಚಾರ್ಜ್ ಆಗಿಬಿಟ್ಟರೆ? “ನಾವ್ ಬತ್ತೀವಿ ಅಂತ ಗೊತ್ತಿದ್ರೂವೆ ಎದ್ದೋದ್ರು” ಅನ್ನೋ ಮಾತು ಮೊಮ್ಮಕ್ಕಳ ಮದುವೆಯಲ್ಲೂ ಕೇಳುತ್ತೆ.

ಈ ಕಡೆ ಕಾರಿಡಾರಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಮುದುಡಿ ಕೂತಿದ್ದಳು. ಕೈಗೆ ಡ್ರಿಪ್ಪು. ಬೆಡ್ ಖಾಲಿ ಇಲ್ಲ. ಗಂಡ ಬಾಟಲಿ ಎತ್ತಿ ಹಿಡಿದು ನಿಂತಿದ್ದ. ನಾನು ಆ ಕಡೆ ಹಾದಾಗಲೆಲ್ಲ ಒಂದೇ ಪ್ರಶ್ನೆ: “ಅಕ್ಕಾ, ಒಂಟ್ರಾ?”

ಏನಂತ ಹೇಳಲಿ? ಬೀಗರು ಇನ್ನೂ ಟೆಂಪೋ ಹತ್ತಿಲ್ಲ ಅಂತಲಾ? ನನಗೆ ನಿಜವಾಗಿ ನಾಚಿಕೆ ಆಯ್ತು. (ಆಸ್ಪತ್ರೆಯವರು ಸಾಚಾ ಅಂತಲ್ಲ. ಸಹಿ ಹಾಕೋರು ಇದ್ದರೆ ಸೀಲ್ ಒತ್ತೋರು ಊಟಕ್ಕೆ ಹೋಗಿರ್ತಾರೆ. ಆದರೆ ಈ ಸಲ ಅವರ ಕಡೆ ಎಲ್ಲ ಸೋಮವಾರವೇ ರೆಡಿ.) ಬೆಡ್ ಸಿಗಲ್ಲ ಅಂತ ಸರ್ಕಾರವನ್ನ ಬೈತೀವಿ, ಡಾಕ್ಟರನ್ನ ಬೈತೀವಿ. ಬೆಡ್ ಮೇಲೆ ಕೂತಿರೋರು ಯಾರು? ನಾವೇ ಕಣ್ರೀ, ಪಂಚಾಂಗ ಹಾಸಿಕೊಂಡು!

ಮಧ್ಯಾಹ್ನ ಬೀಗರು ಬಂದೇ ಬಿಟ್ಟರು. ಟೆಂಪೋ ತುಂಬ! ಗ್ಲೂಕೋಸ್ ಬಾಟಲಿಗೆ ಸಿಸ್ಟರ್ ಸುತರಾಂ ಒಪ್ಪಿರಲಿಲ್ಲ. ದೊಡ್ಡಪ್ಪ ಗಡಿಬಿಡಿಯಲ್ಲಿ ಅತ್ತೆಯನ್ನು ಮಲಗಿಸಿ ಕತ್ತಿನ ತನಕ ಹೊದಿಸಿದರು.

“ವಸಿ ನರಳು ಮಾದೇವಿ.”

“ನೀನೇ ನರಳಣ್ಣ.”

ಬೀಗರು ಸುತ್ತ ನಿಂತು, “ಅಯ್ಯೋ ಪಾಪ, ಇಳ್ದೋಗವ್ರೆ” ಅಂತ ಲೊಚಗುಟ್ಟುತ್ತಿದ್ದರು. ಆಗ ನನ್ನ ಮೊಬೈಲಿಗೆ ಅತ್ತೆಯ ಮಗ ಮಹೇಶನ ವಿಡಿಯೋ ಕಾಲ್.

“ಅವ್ವಾ, ಕೆಂಪಿ ಈಯ್ತಾ ಅದೆ!”

ಹೊದಿಕೆ ಎಲ್ಲಿಗೆ ಹಾರಿತೋ! ಅತ್ತೆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೊಬೈಲ್ ಕಿತ್ತುಕೊಂಡರು. “ಕಾಲ್ ಕಾಣ್ತದಾ? ಎಳೀಬ್ಯಾಡ ಕಣ್ಲಾ! ಅದೇ ತಿಣುಕ್ಲಿ! ಕೆಂಪಿ, ನಾನಿಲ್ಲೇ ಇವ್ನಿ ಕಣವ್ವ, ಎದರ್ಕಬ್ಯಾಡ!” ಬೀಗರೂ ಬಗ್ಗಿದರು. ಪಕ್ಕದ ಬೆಡ್ಡಿನವರೂ ಎದ್ದು ಬಂದರು. ಯಾರೋ “ಬಿಸಿನೀರು ಇಡಿ” ಅಂದರು. ಆಸ್ಪತ್ರೆಯಲ್ಲಿ ಬಿಸಿನೀರು ಇಟ್ಟು ಏನು ಮಾಡೋಣ?

ಬೆಡ್ಡಿನ ಸುತ್ತ ಜಾತ್ರೆ ನೋಡಿ ಡಾಕ್ಟರು ಓಡಿ ಬಂದರು. “ಏನಾಯ್ತು?”

“ಹೆರಿಗೆ ಸಾರ್!” ಅಂದರು ಸಿಸ್ಟರ್, ಮೊಬೈಲಿಂದ ಕಣ್ಣು ತೆಗೆಯದೆ.

ನಮ್ಮತ್ತೆಯ ವಯಸ್ಸು ನೆನೆದು ಡಾಕ್ಟರು ಬೆವೆತುಹೋದರು.

ಕರುವಿನ ಮೂತಿ ಕಂಡಿತು. ಎಲ್ಲರೂ ಉಸಿರು ಬಿಗಿಹಿಡಿದಾಗ, ಹಾಳಾದ್ದು, ನೆಟ್‌ವರ್ಕ್ ಹೋಯ್ತು. ಅತ್ತೆ “ಕೆಂಪೀ, ಕೆಂಪೀ” ಅಂತ ನಿಂತುಹೋದ ಚಿತ್ರಕ್ಕೇ ಕೂಗುತ್ತಿದ್ದರು. ಮತ್ತೆ ಲೈನ್ ಸಿಕ್ಕಾಗ ಕರು ಹುಲ್ಲಿನ ಮೇಲಿತ್ತು. ಹೆಣ್ಗರು! ವಾರ್ಡೆಲ್ಲ ಚಪ್ಪಾಳೆ. ಬೀಗರು ತಂದ ಮೂಸಂಬಿಯನ್ನು ಎಲ್ಲರಿಗೂ ಹಂಚಿದೆವು. ಡಾಕ್ಟರೂ ಒಂದು ತಗೊಂಡರು.

ಅತ್ತೆ ಮಾತ್ರ ನಗಲಿಲ್ಲ. ಮಂಚ ಇಳಿದು, ಹೊದಿಕೆ ಮಡಿಸಿಟ್ಟು, ಕಾರಿಡಾರಿಗೆ ಹೋಗಿ ಆ ಹೆಂಗಸಿನ ಕೈ ಹಿಡಿದರು. “ಬಾರವ್ವ, ಮಲಿಕ್ಕ. ಯಾರೂ ಏನೂ ಅನ್ನಕಿಲ್ಲ.” ದೊಡ್ಡಪ್ಪ “ರಾಹುಕಾಲ...” ಅಂತ ಬಾಯಿ ತೆಗೆದರು. ಅತ್ತೆ ತಿರುಗಿ ನೋಡಿದ ನೋಟಕ್ಕೆ ಬ್ಯಾಗು ಎತ್ತಿಕೊಂಡು ಬಾಗಿಲ ಕಡೆ ನಡೆದರು.

ಸಂಜೆ ಊರು ಮುಟ್ಟಿದೆವು. ಅತ್ತೆ ಸೀದಾ ಕೊಟ್ಟಿಗೆಗೆ ಹೋದರು. ಕೆಂಪಿ ಮೂಸಿ ನೋಡಿ ಸಣ್ಣಗೆ ಅಂಬಾ ಅಂತು. ಅದರ ಕತ್ತು ತಬ್ಬಿಕೊಂಡು ಅತ್ತೆ ಅತ್ತೇ ಬಿಟ್ಟರು. ನನಗೂ ತಡೆಯಲಾಗಲಿಲ್ಲ.

“ಯಾಕವ್ವ ಅಳ್ತೀಯಾ ಮಾದೇವಿ? ಎಷ್ಟ್ ಜನ ಬಂದು ನೋಡ್ಕಂಡೋದ್ರು! ಪುಣ್ಯವಂತೆ ಕಣೇ ನೀನು” ಅಂದರು ದೊಡ್ಡಪ್ಪ.

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು.

“ನನ್ನ ನೋಡಕ್ಕೆ ಅಷ್ಟ್ ಜನ ಬಂದ್ರಲ್ಲಣ್ಣ, ನಾನ್ ಯಾರ್ನ ನೋಡ್ಬೇಕಿತ್ತು ಅಂತ ಒಬ್ರಾದ್ರೂವೆ ಕೇಳುದ್ರಾ?”