ಇಳಿಸಿ ಹಿಡಿದ ಪದ

ಕಳೆದ ತಿಂಗಳು ಕುಶಾಲನಗರದಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಛತ್ರದ ಹಿಂದೆ ವಾದ್ಯದವರು ತೆಂಗಿನ ಗರಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಕೈ ತೊಳೆಯಲು ಹೋದವಳ ಮೂಗಿಗೆ ಆ ವಾಸನೆ ಬಡಿಯಿತು. ಬಿಸಿಯಾದ ಚರ್ಮ, ಸ್ವಲ್ಪ ಹೊಗೆ, ಕೂದಲು ಸುಟ್ಟ ಹಾಗೆ ಇನ್ನೇನೋ... ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತೆ. ಚಿಕ್ಕಂದಿನಲ್ಲಿ ನನ್ನ ತಮ್ಮನ ಅಂಗಿಯೆಲ್ಲ ಇದೇ ವಾಸನೆ.

ನಾವಿಬ್ಬರೂ ಜೊತೆಯಾಗಿ ಪದ ಹೇಳುತ್ತಿದ್ದೆವು. ಅವನು ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಪದಗಳು ನಮ್ಮ ಅಜ್ಜಿಯವು. ಅವಳು ಮೈಸೂರು ಕಡೆಯಿಂದ ಬೇಸಾಯಕ್ಕೆಂದು ಈ ಸೋಮವಾರಪೇಟೆ ಕಡೆಗೆ ಬಂದಾಗ ಪಾತ್ರೆ ಪಡಗದ ಜೊತೆ ತಂದಂಥವು. ಮರದ ಬಳೆಗೆ ಆಡಿನ ಚರ್ಮ ಬಿಗಿದ ದಮ್ಮಡಿಯೂ ಹಾಗೆ ಬಂದದ್ದೇ. ಅಜ್ಜಿಯದು ಒಂದೇ ಕಟ್ಟಳೆ. ಒಬ್ಬರು ಎತ್ತಿದ ಸೊಲ್ಲನ್ನು ಇನ್ನೊಬ್ಬರು ತಿರುಗಿಸಿ ಹೇಳಬೇಕು. ಹೇಳದೆ ಬಿಟ್ಟರೆ ಪದ ನೆಲಕ್ಕೆ ಬಿದ್ದ ಹಾಗೆ. ನಾನು ಎತ್ತುತ್ತಿದ್ದೆ. ತಮ್ಮ ದಮ್ಮಡಿ ಬಡಿಯುತ್ತ ತಿರುಗಿಸಿ ಹೇಳುತ್ತಿದ್ದ.

ಮದುವೆ, ಶಾಲೆಯ ವಾರ್ಷಿಕೋತ್ಸವ ಎಂದು ಅಕ್ಕ ತಮ್ಮನನ್ನು ಕರೆಯುವವರಿದ್ದರು. ಹೆಂಗಸರ ಪದ ಹೇಳುತ್ತಾನೆಂದು ಅವನ ಓರಗೆಯವರು ರೇಗಿಸುತ್ತಿದ್ದರು. ‘ನನ್ನ ಮೊದಲ್ನೇ ಪಂಕ್ತೀಲಿ ಕೂರಿಸ್ತಾರೆ ಕಣ್ರೋ, ನಿಮ್ಮನ್ನ ಯಾರ್ ಕೇಳ್ತಾರೆ?’ ಎನ್ನುತ್ತಿದ್ದ.

ಅವನು ಎಂಟನೆಯ ತರಗತಿಯಲ್ಲಿದ್ದಾಗ ಸೋಮವಾರಪೇಟೆಯಲ್ಲಿ ಶಾಲೆಗಳ ಜನಪದ ಗೀತೆ ಸ್ಪರ್ಧೆ ಇತ್ತು. ಆಷಾಢದ ಮಳೆ. ಬಸ್ಸಿನಿಂದ ಇಳಿಯುವಷ್ಟರಲ್ಲಿ ದಮ್ಮಡಿಯ ಚರ್ಮ ತೇವ ಕುಡಿದು ಸಡಿಲವಾಗಿತ್ತು. ಬಡಿದರೆ ಒದ್ದೆ ಬಟ್ಟೆಯ ಸದ್ದು. ಶಾಲೆಯ ಎದುರು ಟೀ ಅಂಗಡಿ ಇಟ್ಟಿದ್ದ ಮಲಯಾಳಿ ಕಾಕಾ ತಮ್ಮನನ್ನು ಒಲೆಯ ಹತ್ತಿರ ಬಿಟ್ಟುಕೊಂಡರು.

‘ಹಪ್ಪಳ ಸುಡ್ಲಿಕ್ಕೆ ಬಂದದ್ದಾ ಮೋನೆ?’ ಎಂದು ನಕ್ಕರು.

ತಮ್ಮ ದಮ್ಮಡಿಯನ್ನು ಬೆಂಕಿಯಿಂದ ಮೊಳ ದೂರ ಹಿಡಿದು, ನಿಧಾನವಾಗಿ ತಿರುಗಿಸುತ್ತ, ಆಗಾಗ ಬೆರಳಿನಿಂದ ತಟ್ಟಿ ನೋಡುತ್ತಿದ್ದ. ನನಗೆ ಅವಸರ.

‘ಬೇಗ ಕಾಯಿಸೋ, ನಮ್ಮ ಹೆಸರು ಕೂಗ್ತಾರೆ.’

‘ಅವಸರ ಮಾಡಿದ್ರೆ ಹರೀತದಕ್ಕ.’

‘ನಿಂಗೆ ಎಲ್ಲಾದ್ರಲ್ಲೂ ನಿಧಾನ. ಹತ್ರ ಹಿಡಿಯೋ!’

ಹಿಡಿದ. ಟಪ್ಪೆಂದು ಸದ್ದಾಯಿತು. ಚರ್ಮ ನಡುವಿನಿಂದ ಅಂಚಿನವರೆಗೆ ಸೀಳಿಹೋಗಿತ್ತು. ಕಾಕಾ ನಗುವುದನ್ನು ನಿಲ್ಲಿಸಿ, ಇಬ್ಬರಿಗೂ ಟೀ ಕೊಡಲು ಬಂದರು. ನಾನು ಬೇಡವೆಂದು ತಮ್ಮನ ತೋಳು ಹಿಡಿದು ಎಳೆದುಕೊಂಡು ಬಂದೆ.

ವೇದಿಕೆಯ ಮೇಲೆ ನಾನು ಮಾಡಿದ್ದನ್ನು ಇಲ್ಲಿ ಬರೆಯಬೇಕು. ಆ ವರ್ಷ ಅವನ ದನಿ ಒಡೆದಿತ್ತು. ಏರು ದನಿ ಹತ್ತುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಸಿಟ್ಟಿನಲ್ಲಿ ನನ್ನ ಕೈಲಾದಷ್ಟು ಏರಿಸಿ ಮೊದಲ ಸೊಲ್ಲು ಎತ್ತಿದೆ. ಅವನು ತಿರುಗಿಸಲು ಹೋದ, ಗಂಟಲು ಕೀರಲಾಯಿತು. ಮುಂದಿನ ಸಾಲಿನ ಮಕ್ಕಳು ನಕ್ಕರು. ಎರಡನೆಯ ಸೊಲ್ಲಿಗೆ ಬಾಯಿ ತೆರೆಯಲಿಲ್ಲ. ಹರಿದ ದಮ್ಮಡಿಯನ್ನು ಎದೆಗೆ ಒತ್ತಿ ಹಿಡಿದು, ಪದ ಮುಗಿಯುವವರೆಗೂ ನಿಂತೇ ಇದ್ದ. ಎತ್ತುವುದನ್ನೂ ತಿರುಗಿಸುವುದನ್ನೂ ನಾನೇ ಮಾಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ, ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದ: ‘ಒಂಚೂರು ಇಳಿಸಿ ಹಿಡಿದಿದ್ರೆ ನಾನೂ ಹೇಳ್ತಿದ್ದೆ ಕಣಕ್ಕ.’

‘ಇಳಿಸಿದ್ರೆ ನನ್ ದನಿ ಚೆನ್ನಾಗ್ ಕೇಳಲ್ಲ’ ಎಂದೆ.

ಅವನು ಮತ್ತೆ ಕೇಳಲಿಲ್ಲ. ತಾನೇ ಹೊಸ ಚರ್ಮ ಹುಡುಕಿ ತಂದು ಬಿಗಿದ. ಇನ್ನೂ ಮೂರು ವರ್ಷ ಜೊತೆಗೆ ಹೋದೆವು. ದಮ್ಮಡಿ ಬಡಿದ, ಬಾಯಿ ತೆರೆಯಲಿಲ್ಲ. ಜನ ಅದನ್ನೇ ನಮ್ಮ ರೀತಿ ಎಂದುಕೊಂಡರು. ಅಜ್ಜಿ ಮಾತ್ರ ಒಮ್ಮೆ, ‘ಇದೇನವ್ವ, ನೀನೇ ಕೇಳಿ ನೀನೇ ಉತ್ತರ ಕೊಡ್ತೀಯ’ ಎಂದಿದ್ದಳು. ನಾನು ಕೇಳಿಸದವಳಂತೆ ಎದ್ದುಹೋದೆ.

ಆಮೇಲೆ ನನಗೆ ಮದುವೆಯಾಯಿತು. ಅವನು ಶುಂಠಿ, ಮೆಣಸು ಸಾಗಿಸುವ ಪಿಕಪ್ ಓಡಿಸಿದ. ಹೋದ ವರ್ಷಕ್ಕೆ ಹಿಂದಿನ ವರ್ಷ ಕಾಮಾಲೆಯಾಗಿ, ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಆ ದಿನಗಳಲ್ಲಿ ಬಸ್ಸಿನ ಮಾತನ್ನು ಎತ್ತಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅವನು ಪಿಕಪ್ಪಿನ ಟೈರು ಬದಲಾಯಿಸುವ ಮಾತಾಡುತ್ತಿದ್ದ. ನಾನೂ ಟೈರಿನ ಮಾತೇ ಆಡಿದೆ...

ಅವನು ಹೋದಮೇಲೆ ನಾನು ಎಲ್ಲೂ ಪದ ಹೇಳಿರಲಿಲ್ಲ. ಆ ದಿನ ಛತ್ರದಲ್ಲಿ ಧಾರೆಯಾದ ಮೇಲೆ ಹೆಂಗಸರು ಬಲವಂತ ಮಾಡಿ ಕೂರಿಸಿದರು. ಗಂಟಲು ಸರಿಮಾಡಿಕೊಂಡು, ಇಳಿಸಿ ಹಿಡಿದೆ.

ಪಕ್ಕದಲ್ಲಿದ್ದ ಅತ್ತೆ ತಡೆದು, ‘ಯಾಕವ್ವ, ಗಂಟಲು ಕೆಟ್ಟದಾ? ನಿಂದು ಎಂಥಾ ದನಿ!’ ಎಂದರು.

‘ಇಲ್ಲತ್ತೆ, ಇವತ್ತು ಇಷ್ಟಕ್ಕೇ ಇರ್ಲಿ’ ಎಂದೆ.

ಮತ್ತೆ ಮೊದಲಿನಿಂದ ಎತ್ತಿದೆ. ಒಂದು ಸೊಲ್ಲು ಹೇಳಿ ನಿಲ್ಲಿಸಿದೆ. ಅಲ್ಲಿದ್ದವರಿಗೆ ಅಜ್ಜಿಯ ಕಟ್ಟಳೆ ಗೊತ್ತಿರಲಿಲ್ಲ. ನಾನೇ ಮುಂದುವರಿಸುತ್ತೇನೆಂದು ನನ್ನನ್ನೇ ನೋಡಿದರು. ಆಮೇಲೆ ನಾನು ಕಾಯುತ್ತಿರುವುದು ತಿಳಿದು ಅತ್ತೆ ಸೊಲ್ಲು ತಿರುಗಿಸಿದರು, ಉಳಿದವರೂ ಸೇರಿಕೊಂಡರು. ಆ ದನಿ ನನಗೆ ತಗ್ಗಾಯಿತು, ಅವರಿಗೂ ತಗ್ಗಾಯಿತು. ಅವನಿಗೆ ಸರಿಹೋಗುತ್ತಿತ್ತು.