ಗೌರಾಬಾಯಿಯ ಬೇಲಿಯ ಅವರೆ

ಗೌರಾಬಾಯಿಯನ್ನು ಮೊದಲ ಸಲ ಕಂಡ ದಿನವೇ ನಾನು ಅವರಿಂದ ಬೈಸಿಕೊಂಡೆ. ಪುಣೆಯ ಧನಕವಡಿಯಲ್ಲಿರುವ ನಮ್ಮ ಗಲ್ಲಿಯ ತಿರುವಿನಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕೈದು ಹೆಂಗಸರು ತರಕಾರಿ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಅವರಲ್ಲೊಬ್ಬರ ಮುಂದೆ ನಿಂತು, “ಮೂಲಂಗಿ ಇಲ್ಲವಲ್ಲೇ ಇಲ್ಲಿ” ಎಂದು ಹೆಂಡತಿ ಅನ್ನಪೂರ್ಣಳಿಗೆ ಹೇಳಿದೆ. ಅಲ್ಲಿಯವರೆಗೆ ಎಲ್ಲರೊಡನೆ ಮರಾಠಿಯಲ್ಲಿ ಮಾತಾಡುತ್ತಿದ್ದ ಆಕೆ ತಟ್ಟನೆ ಕನ್ನಡಕ್ಕೆ ತಿರುಗಿದರು.

“ಇಂಥಾ ಬ್ಯಾಸಿಗ್ಯಾಗ ಯಾರರೆ ಮೂಲಂಗಿ ತಿಂತಾರೇನ್ರಿ? ಅದರ ಕಾಲ ಅದಕ್ಕ ಬರಲಿ, ತಡೀರಿ!”

ನಾನು ಶ್ರೀಕಂಠಯ್ಯ, ಕೆ.ಆರ್. ಪೇಟೆ ಕಡೆಯವನು. ಇಲ್ಲಿನ ವಿಮಾ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಬೈದವರನ್ನು ಸುಲಭಕ್ಕೆ ಬಿಡುವ ಜಾಯಮಾನ ನನ್ನದಲ್ಲ. ಆದರೆ ಪುಣೆಯ ಬೀದಿಯಲ್ಲಿ ಅಷ್ಟು ಸೊಗಸಾದ ಕನ್ನಡದಲ್ಲಿ ಬೈದರೆ ಏನು ಮಾಡುವುದು? ಅಲ್ಲೇ ಕರಗಿಹೋದೆ. ಮೂಲಂಗಿಯ ಬದಲು ಪುಂಡಿ ಸೊಪ್ಪು ಕೊಟ್ಟರು, ಅದನ್ನು ಹೇಗೆ ಮಾಡಬೇಕೆಂದು ಅನ್ನಪೂರ್ಣಳಿಗೆ ಹತ್ತು ನಿಮಿಷ ಪಾಠ ಹೇಳಿದರು, ಮುಂದಿನ ವಾರ ತೋಟಕ್ಕೆ ಊಟಕ್ಕೆ ಬರಲೂ ಹೇಳಿದರು. ನಮ್ಮ ಊರು ಯಾವುದೆಂದು ಎಷ್ಟು ಸಲ ಬಿಡಿಸಿ ಹೇಳಿದರೂ ಅವರಿಗೆ ನಾನು “ಮೈಸೂರವರ” ಆಗಿಯೇ ಉಳಿದೆ. ಬೆಂಗಳೂರಿನಿಂದಾಚೆ ಇರುವುದೆಲ್ಲ ಅವರ ಲೆಕ್ಕದಲ್ಲಿ ಮೈಸೂರೇ.

ಕಾತ್ರಜ ಘಾಟ್ ದಾಟಿ ಬಲಕ್ಕೆ ಹೊರಳಿದರೆ ಅವರ ತೋಟ. ಒಂದೂವರೆ ಎಕರೆ, ಒಂದು ಬಾವಿ, ಒಂದು ಎಮ್ಮೆ, ಕಲ್ಲಿನ ಗೋಡೆಯ ಮನೆ. ಜಮಖಂಡಿ ಕಡೆಯ ಹಳ್ಳಿಯಿಂದ ಬಂದು ಮಾರ್ಕೆಟ್ ಯಾರ್ಡಿನ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರ ಗಂಡ ಅಪ್ಪಾಸಾಹೇಬ, ನಲವತ್ತು ವರ್ಷದ ಹಿಂದೆ ಈ ಜಾಗ ಹಿಡಿದಾಗ ಇಲ್ಲಿ ಬರೀ ಕಲ್ಲುಗಳಿದ್ದವಂತೆ. ಕಲ್ಲನ್ನು ಆರಿಸಿದ್ದು ಗೌರಾಬಾಯಿ. ಆರಿಸಿದ ಕಲ್ಲಿನಿಂದಲೇ ಮನೆಯ ಗೋಡೆ ಎದ್ದಿತು. ಮಗ ಸ್ವಪ್ನಿಲ್ ಧನಕವಡಿಯಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಅವನೂ ಸೊಸೆ ನೀತಾಳೂ ತೋಟದ ಮನೆಯಲ್ಲೇ ಇದ್ದಾರೆ. ಮನೆಯಲ್ಲಿ ಫ್ರಿಜ್ ಇದೆ. ಅದರಲ್ಲಿ ಮೊಸರು ಮತ್ತು ನೀತಾಳ ಮುಖಕ್ಕೆ ಹಚ್ಚುವ ಕ್ರೀಮು ಬಿಟ್ಟರೆ ಬೇರೇನೂ ಇರುವುದಿಲ್ಲ.

ಇರಬೇಕಾದ ಅಗತ್ಯವೂ ಇಲ್ಲ. ಮೊದಲ ಮಳೆ ಬಿದ್ದು ವಾರ ಕಳೆದರೆ ಗೌರಾಬಾಯಿ ಬದುವಿನ ಮೇಲೆ ಬಗ್ಗಿಕೊಂಡು ಸೊಪ್ಪು ಕೀಳುತ್ತಿರುತ್ತಾರೆ. ನನಗೆ ಅದೆಲ್ಲ ಕಳೆಯಂತೆ ಕಾಣುತ್ತದೆ. ಒಂದು ಗಂಟೆಯ ನಂತರ ಅದೇ ಕಳೆ ಬೆಳ್ಳುಳ್ಳಿ ಒಗ್ಗರಣೆಯೊಂದಿಗೆ ಬಿಸಿ ರೊಟ್ಟಿಯ ಮೇಲೆ ಬಂದು ಕೂತಾಗ ಬಾಯಿ ಮುಚ್ಚಿಕೊಂಡು ತಿನ್ನುತ್ತೇನೆ. ಚಳಿ ಬಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಣ್ಣೆ, ಗಿಡದಿಂದ ಆಗಷ್ಟೇ ಕಿತ್ತ ಬದನೆಯ ಎಣ್ಣೆಗಾಯಿ. ಬೇಸಿಗೆಯಲ್ಲಿ ಹುಳಿ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ, ಅಂಗಳದ ತುಂಬ ಸಂಡಿಗೆ, ವರ್ಷಕ್ಕಾಗುವಷ್ಟು ಕುಟ್ಟಿದ ಮಸಾಲೆ ಖಾರ. ಯಾವುದೂ ಹಿಂದೆ ಮುಂದೆ ಆಗುವಂತಿಲ್ಲ. ಹೋಟೆಲಿನವರು ವರ್ಷವಿಡೀ ಮಾಡುವ ಎಣ್ಣೆಗಾಯಿಯನ್ನು ಗೌರಾಬಾಯಿ ಬೇಸಿಗೆಯಲ್ಲಿ ಮಾಡಿದ್ದನ್ನು ನಾನು ನೋಡಿಲ್ಲ.

ನನ್ನ ದೌರ್ಬಲ್ಯವೆಂದರೆ ಅವರೆಕಾಯಿ. ನಮ್ಮ ಸೀಮೆಯವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗೌರಾಬಾಯಿಯ ಬೇಲಿಗುಂಟ ಹಬ್ಬುವ ಅವರೆಯ ಸೊಗಡನ್ನು ನಾನು ಕೆ.ಆರ್. ಪೇಟೆಯಲ್ಲೂ ಕಂಡಿಲ್ಲ. ಕಾಯಿ ಸುಲಿದರೆ ಬೆರಳಿಗೆ ಎರಡು ದಿನ ವಾಸನೆ. ಕಂದು ಬಣ್ಣದ ಕಾಳು, ಮೈಮೇಲೆ ಸಣ್ಣ ಕಪ್ಪು ಚುಕ್ಕೆ. ಡಿಸೆಂಬರಿನಿಂದ ಸಂಕ್ರಾಂತಿ ದಾಟುವವರೆಗೆ ಪ್ರತಿ ಭಾನುವಾರ ನಾನು ಅಲ್ಲೇ ಬಿದ್ದಿರುತ್ತಿದ್ದೆ. ಅನ್ನಪೂರ್ಣ ಕಾಳು ನೆನೆಸಿ, ಒಂದೊಂದನ್ನೇ ಹಿತುಕಿ ಸಿಪ್ಪೆ ತೆಗೆದು ಸಾರು ಮಾಡುವುದನ್ನು ನೋಡಿ ಗೌರಾಬಾಯಿ ನಗುತ್ತಿದ್ದರು. “ಕಾಳಿಗೂ ಅಂಗಿ ಕಳಿತೀರಲ್ಲ, ಎಂಥಾ ಮಂದಿರೀ ನೀವು!” ಎನ್ನುತ್ತಿದ್ದರು. ನಾನು ಆಗಸ್ಟಿನಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ಅವರೆ ಕೇಳುತ್ತಿದ್ದೆ. ಉತ್ತರ ಒಂದೇ. “ತಡೀರಿ, ಮೈಸೂರವರ.”

ಎರಡು ವರ್ಷದ ಹಿಂದಿನ ಮೇ ತಿಂಗಳಲ್ಲಿ ಅವರ ಅಣ್ಣನ ಮಗಳ ಮದುವೆ ಬಂತು. ಮನೆಯವರೆಲ್ಲ ನಾಲ್ಕು ದಿನ ಜಮಖಂಡಿ ಕಡೆಗೆ ಹೊರಟರು. ಎಮ್ಮೆ ಗಬ್ಬವಾಗಿತ್ತು, ಹಾಲು ಹಿಂಡುವ ಕೆಲಸವಿರಲಿಲ್ಲ. ಮೇವು ಹಾಕಿ ನೀರು ಕುಡಿಸಿ ಸಗಣಿ ಎತ್ತಿ ತಿಪ್ಪೆಗೆ ಹಾಕಿದರೆ ಸಾಕು. ನಾವಿಬ್ಬರೂ ಇರುತ್ತೇವೆಂದು ಒಪ್ಪಿಕೊಂಡೆವು. ಸ್ವಾರಗೇಟಿನಿಂದ ಬಸ್ಸು ಹಿಡಿಯಲು ಹೊರಟಾಗ ಗೌರಾಬಾಯಿ ಅನ್ನಪೂರ್ಣಳ ಕೈ ಹಿಡಿದು, “ಮನಿ ನಿಮ್ಮದ ಅದ ತಂಗಿ, ಏನ ಬೇಕೋ ಮಾಡ್ಕೊಂಡು ತಿನ್ರಿ” ಎಂದರು.

ಅಂದು ಸಂಜೆಯೇ ಅಡಿಗೆ ಮನೆಯ ಗೋಡೆಯ ಗೂಡಿನಲ್ಲಿ ಮುಚ್ಚಿಟ್ಟಿದ್ದ ಮಡಕೆ ನನ್ನ ಕಣ್ಣಿಗೆ ಬಿತ್ತು. ಒಳಗೆ ಬೂದಿ. ಬೂದಿಯಲ್ಲಿ ಕೈಯಾಡಿಸಿದರೆ ಅವರೆಕಾಳು! ಎರಡು ಬೊಗಸೆ ತುಂಬ ಇದ್ದವು.

“ಬಿತ್ತನೆಗೆ ಇಟ್ಟಿರಬಹುದೇನೋ ರೀ” ಎಂದಳು ಅನ್ನಪೂರ್ಣ.

“ನಮ್ಮಮ್ಮ ಹುಳ ಬೀಳದಿರಲಿ ಅಂತ ತಿನ್ನೋ ಕಾಳಿಗೇ ಬೂದಿ ಹಚ್ಚಿ ಇಡ್ತಿರಲಿಲ್ಲವಾ? ಬೇಕಾದ್ದು ತಿನ್ನಿ ಅಂದಿದ್ದಾರಲ್ಲ!” ಎಂದೆ. ಸುಳ್ಳಲ್ಲ. ನಮ್ಮ ಮನೆಯಲ್ಲಿ ಹಾಗೇ ಇಡುತ್ತಿದ್ದರು. ಆದರೆ ಗೌರಾಬಾಯಿ ತಿನ್ನುವ ಕಾಳಿಗೆ ಬೇವಿನ ಎಲೆ ಹಾಕಿ ಡಬ್ಬಿಯಲ್ಲಿ ಇಡುತ್ತಾರೆಂಬುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಬಾಯಿ ಚಪಲದ ಮುಂದೆ ಕಣ್ಣಿಗೆ ಕಂಡದ್ದೂ ನೆನಪಾಗಲಿಲ್ಲ.

ಅಷ್ಟನ್ನೂ ನೆನೆಹಾಕಿದೆವು. ಮರುದಿನ ಮಧ್ಯಾಹ್ನ ಸಾರು. ರಾತ್ರಿ ಉಪ್ಪಿಟ್ಟು. ಮಿಕ್ಕಿದ್ದನ್ನು ಎಣ್ಣೆಯಲ್ಲಿ ಕರಿದು ಉಪ್ಪು ಖಾರ ಹಚ್ಚಿ ಇಟ್ಟುಕೊಂಡೆವು. ಮೇ ತಿಂಗಳಲ್ಲಿ ಅವರೆ ತಿಂದ ಗರ್ವದಲ್ಲಿ ನಾನು ಬಾವಿ ಕಟ್ಟೆಯ ಮೇಲೆ ಕೂತು ಬಾಯಾಡಿಸುತ್ತಿದ್ದೆ. ಮೂರನೆಯ ದಿನ ಅಪ್ಪಾಸಾಹೇಬರ ಫೋನು ಬಂತು.

“ಶ್ರೀಕಂಠಯ್ಯನವರ, ಒಂದ ಕೆಲಸಾ ಮಾಡ್ರಿ. ಅಡಿಗಿ ಮನ್ಯಾಗ ಬೂದ್ಯಾಗ ಅವರಿ ಬೀಜ ಇಟ್ಟೇವಿ. ಇಲಿ ಏನರೆ ಬಂದಾವೇನು ನೋಡ್ರಿ. ಈಕಿ ನಿನ್ನಿಯಿಂದ ಅದನ್ನ ಚಿಂತಿ ಮಾಡಾಕತ್ತಾಳ.”

ಬಾಯಲ್ಲಿದ್ದ ಕೊನೆಯ ಹಿಡಿ ಕಾಳನ್ನು ನುಂಗಿದೆ. “ಇಲಿ ಏನೂ ಬಂದಿಲ್ಲ” ಎಂದೆ. ಅದಂತೂ ನಿಜವೇ ಆಗಿತ್ತು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಬಸ್ಸು ಹತ್ತಿ ಮಾರ್ಕೆಟ್ ಯಾರ್ಡಿಗೆ ಹೋಗಿ, ಒಣಗಿದ ಅವರೆ ತಂದು, ಬೂದಿ ಹಚ್ಚಿ ಮಡಕೆಗೆ ತುಂಬಿದೆ. ಬಿಳಿಯ ಕಾಳು. ಬೂದಿ ಮೆತ್ತಿದರೆ ಎಲ್ಲವೂ ಒಂದೇ ಬಣ್ಣ ಎಂದು ಸಮಾಧಾನ ಮಾಡಿಕೊಂಡೆ. ಅನ್ನಪೂರ್ಣ ಅಂದು ನನಗೆ ಊಟ ಬಡಿಸಿ, ತಾನು ಉಣ್ಣದೆ ಎದ್ದುಹೋದಳು. ಮೂವತ್ತು ವರ್ಷದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನ ಗಂಡ ಹೆಂಡತಿ ಬಂದಿಳಿದರು. ಮಗ, ಸೊಸೆ ಧನಕವಡಿಯ ಅಂಗಡಿಯ ಹತ್ತಿರವೇ ಇಳಿದುಕೊಂಡಿದ್ದರು. ಗೌರಾಬಾಯಿ ಚಪ್ಪಲಿ ಬಿಡುವ ಮೊದಲೇ ಚೀಲದಿಂದ ಮದುವೆಯ ಬುಂದಿ ಲಾಡು ತೆಗೆದು ನನ್ನ ಕೈಗಿಟ್ಟರು. “ಇಲಿ ಬರಲಾರದಂಗ ಕಾಯ್ದೀರಿ, ನಿಮ್ಮ ಪುಣ್ಯಾ ದೊಡ್ಡದು. ಊರಾಗ ಮನಿ ಮನಿ ಕೇಳಿ ಬಂದೆನ್ರಿ, ಈ ಅವರಿ ಯಾರ ಹಂತ್ಯಾಕೂ ಉಳದಿಲ್ಲ. ಹೊಲಾ ಎಲ್ಲಾ ಕಬ್ಬ ಆಗ್ಯಾವ. ನಮ್ಮವ್ವ ನನ್ನ ಸೆರಗಿಗೆ ಕಟ್ಟಿ ಕಳಿಸಿದ್ದ ಬೀಜ, ಈಗ ಇದ್ರ ನನ್ನ ಹಂತ್ಯಾಕ ಅಷ್ಟ.”

ಲಾಡು ಕೈಯಲ್ಲಿ ಹಿಡಿದು ನಿಂತವನಿಗೆ ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಸಾರು, ಉಪ್ಪಿಟ್ಟು, ಕರಿದದ್ದು, ಪೇಟೆಯಿಂದ ತಂದು ತುಂಬಿಟ್ಟ ಬಿಳಿ ಕಾಳು. ಅಪ್ಪಾಸಾಹೇಬರು ಹೆಂಡತಿಯ ಮುಖ ನೋಡಿದರು. ಗೌರಾಬಾಯಿ ಬಾಗಿಲ ಕಟ್ಟೆಯ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

“ಹಸಿವಿಗೆ ತಿಂದಿದ್ರ ನನಗೇನೂ ಅನಸ್ತಿರಲಿಲ್ರಿ” ಎಂದರು ಕೊನೆಗೆ. “ನೀವು ಚಟಕ್ಕ ತಿಂದ್ರಿ.”

ಕಚೇರಿಯಲ್ಲಿ ಎಂತೆಂಥ ಮೇಲಧಿಕಾರಿಗಳ ಬಾಯಿಂದ ಏನೇನೋ ಕೇಳಿದ್ದೇನೆ. ಯಾವುದೂ ಹೀಗೆ ನಾಟಿರಲಿಲ್ಲ.

ಆಮೇಲೆ ಗೌರಾಬಾಯಿ ಇದ್ದಕ್ಕಿದ್ದಂತೆ ಅನ್ನಪೂರ್ಣಳ ಕಡೆ ತಿರುಗಿದರು. “ತಂಗಿ, ನೆನೀಲಾರದ ಬಿರಸು ಕಾಳು ಇರ್ತಾವಲ್ಲ, ಹಿತುಕಿದ್ರೂ ಸಿಪ್ಪಿ ಬಿಡಲಾರದ್ದು. ಅವನ್ನೇನ ಮಾಡಿದಿ?”

“ಆರಿಸಿ ಸಿಪ್ಪೆ ಜೊತೆಗೆ ತಿಪ್ಪೆಗೆ ಹಾಕಿದೆ ಅಕ್ಕ” ಎಂದಳು ಅನ್ನಪೂರ್ಣ.

ಅಷ್ಟು ಕೇಳಿದ್ದೇ ತಡ, ಗೌರಾಬಾಯಿ ಮದುವೆ ಸೀರೆಯಲ್ಲೇ ಕಚ್ಚೆ ಬಿಗಿದು ತಿಪ್ಪೆಯತ್ತ ನಡೆದರು. ಅದರ ಮೇಲೆ ಮೂರು ದಿನದ ಎಮ್ಮೆ ಸಗಣಿಯನ್ನು ಶ್ರದ್ಧೆಯಿಂದ ಸುರಿದವನು ನಾನೇ. ಸಲಿಕೆ ತಂದೆ. “ಬ್ಯಾಡ್ರಿ, ಕಾಳ ಒಡಿತಾವ. ಕೈಲೇ ತಗೀರಿ” ಎಂದರು. ಆ ಉರಿಬಿಸಿಲಲ್ಲಿ ನಾವು ನಾಲ್ವರೂ ಮೊಣಕಾಲೂರಿ ಸಗಣಿ ಬಗೆದೆವು. ಹಿಡಿ ಹಿಡಿಯನ್ನೂ ಬಕೆಟ್ಟಿನ ನೀರಿಗೆ ಹಾಕಿ ತೊಳೆದು ನೋಡಿದೆವು. ಎಷ್ಟೋ ಕಾಳು ಸಗಣಿಯ ಕಾವಿಗೆ ಕೊಳೆತುಹೋಗಿದ್ದವು. ಸಂಜೆಯ ಹೊತ್ತಿಗೆ ಗೌರಾಬಾಯಿಯ ಅಂಗೈಯಲ್ಲಿ ಹತ್ತೊಂಬತ್ತು ಗಟ್ಟಿ ಕಾಳುಗಳಿದ್ದವು. ಅವನ್ನು ನೋಡಿ ಆಕೆ ಎಳೆಮಗುವನ್ನು ಮಾತಾಡಿಸುವವರಂತೆ ಏನೋ ಅಂದರು, ನನಗೆ ಕೇಳಿಸಲಿಲ್ಲ.

ಜೂನಿನಲ್ಲಿ ಮಿರಗದ ಮಳೆ, ನಮ್ಮ ಕಡೆಯವರ ಮೃಗಶಿರೆ, ಬಿದ್ದ ಮೇಲೆ ಒಂದೊಂದು ಕಾಳನ್ನೂ ಕಲ್ಲಿಗೆ ಮೆಲ್ಲಗೆ ಉಜ್ಜಿ, ನೀರು ಒಳಗಿಳಿಯಲು ದಾರಿ ಮಾಡಿ, ಬೇಲಿಯ ಬುಡಕ್ಕೆ ಊರಿದರು. ಹತ್ತೊಂಬತ್ತರಲ್ಲಿ ಹನ್ನೊಂದು ಮೊಳೆತವು. ಮಗ, ಸೊಸೆ, ಗಂಡ, ಯಾರ ಕೈಗೂ ಆ ಬಳ್ಳಿಗಳ ಆರೈಕೆಯನ್ನು ಬಿಡಲಿಲ್ಲ. ಹುಳ ಬಂದರೆ ಒಂದೊಂದನ್ನೇ ಆರಿಸುತ್ತಿದ್ದರು. ನಾನು ಪ್ರತಿ ಭಾನುವಾರ ಹೋಗಿ ಕಳೆ ಕೀಳುತ್ತಿದ್ದೆ. ಯಾವುದು ಕಳೆ, ಯಾವುದು ಪಲ್ಯದ ಸೊಪ್ಪು ಎಂಬುದು ಆ ಮಳೆಗಾಲದಲ್ಲಿ ನನಗೆ ತಿಳಿಯಿತು. ಗೌರಾಬಾಯಿ ಮೊದಲಿನಂತೆಯೇ ಬಡಿಸುತ್ತಿದ್ದರು, ರೊಟ್ಟಿಗೆ ಬೆಣ್ಣೆಯನ್ನು ಮೊದಲಿನಷ್ಟೇ ಹಾಕುತ್ತಿದ್ದರು. ಒಂದು ದಿನವೂ ಆ ಮಾತೆತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಡಿಸೆಂಬರಿನಲ್ಲಿ ಕಾಯಿ ಇಳಿಬಿದ್ದವು. ಬೇಲಿಯ ಹತ್ತಿರ ಹೋದರೆ ಸೊಗಡು ಮೂಗಿಗೆ ಅಡರುತ್ತಿತ್ತು. ಒಂದು ಕಾಯಿಯನ್ನೂ ಕೀಳುವಂತಿರಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು, ಚಳಿಗಾಲದ ಕಾಯಿಪಲ್ಯವೆಲ್ಲ ಸೇರಿಸಿ ಮಾಡುವ ಭಾಜಿಯಲ್ಲಿ ಅವರೆ ಇರಲೇಬೇಕು. ಆ ವರ್ಷ ಇರಲಿಲ್ಲ. ಅಪ್ಪಾಸಾಹೇಬರು ತಟ್ಟೆಯಲ್ಲಿ ಬೆರಳಾಡಿಸಿ ಹುಡುಕಿದರು, ನನ್ನ ಕಡೆ ನೋಡಿದರು, ಮತ್ತೆ ತಲೆ ತಗ್ಗಿಸಿ ಉಂಡರು.

ಫೆಬ್ರವರಿಯ ಕೊನೆಗೆ ಬಳ್ಳಿಯಲ್ಲೇ ಒಣಗಿದ ಕಾಯಿಯನ್ನು ಕಿತ್ತು, ಬಡಿದು, ತೂರಿದರು. ಐದು ಬೊಗಸೆ ಕಾಳು ಬಂತು. ಹಿಂದೆ ಎಂದೂ ಅಷ್ಟು ಬೀಜಕ್ಕೆ ಉಳಿದಿರಲಿಲ್ಲ, ತಿಂದು ಮಿಕ್ಕಿದ್ದನ್ನು ಇಡುತ್ತಿದ್ದರಷ್ಟೆ. ಬೂದಿ ಬೆರೆಸಿ ಮಡಕೆಗೆ ತುಂಬತೊಡಗಿದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅರ್ಧ ತುಂಬಿಸಿ ಕೈ ನಿಲ್ಲಿಸಿದರು. ಉಳಿದರ್ಧವನ್ನು ಇನ್ನೊಂದು ಸಣ್ಣ ಮಡಕೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ನನ್ನ ಮುಂದೆ ಇಟ್ಟರು.

“ಇದನ್ನ ನಿಮ್ಮ ಮನ್ಯಾಗ ಇಟಗೋರಿ. ಎಲ್ಲಾ ಒಂದ ಮನ್ಯಾಗ ಇಟ್ಟದ್ದು ನನ್ನ ತಪ್ಪ ಆಗಿತ್ತು. ಮಿರಗಕ್ಕ ತಗೊಂಡು ಬರ್ರಿ.”

“ನನ್ನ ಕೈಗಾ ಅಕ್ಕ? ಸ್ವಪ್ನಿಲ್ ಅಂಗಡೀಲಿ ಇಡಬಹುದಲ್ಲ, ಇಲ್ಲ ನಿಮ್ಮ ಅಣ್ಣನ ಮನೇಲಿ...” ಎಂದೆ.

“ಅವರು ಮರೀತಾರ್ರಿ” ಎಂದರು ಗೌರಾಬಾಯಿ. “ನೀವು ತಿಂದು ಸಂಕಟಾ ಪಟ್ಟವರು. ನಿಮ್ಮಂಗ ಯಾರೂ ಕಾಯಂಗಿಲ್ಲ.”

ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾತ್ರಜ ಬಸ್ಸಿನಲ್ಲಿ ಕೂತೆ. ಜನ ನೂಕಾಡುತ್ತಿದ್ದರು, ನಿಂತವರೊಬ್ಬರು ಮರಾಠಿಯಲ್ಲಿ ಅದರಲ್ಲೇನಿದೆ ಎಂದು ಕೇಳಿದರು. ಹೇಳಲು ಹೋದರೆ ಅತ್ತುಬಿಡುತ್ತೇನೆಂದು ಪಕ್ಕದಲ್ಲಿ ಕೂತಿದ್ದ ಅನ್ನಪೂರ್ಣಳ ಕಡೆ ನೋಡಿದೆ. ಬಿತ್ತನೆಯ ಅವರೆ ಎಂದು ನನ್ನ ಪರವಾಗಿ ಅವಳೇ ಉತ್ತರ ಕೊಟ್ಟಳು.